ಪೀಪಿ ಮೇಷ್ಟ್ರ ಈಡು

ವೆಂಡೆಲ್ ಹೌಗ್‌ನ ಬಳಿ ಚೋಕ್ ಬಿಚ್ಚುವ ಕೀಲಿ ಇರಲಿಲ್ಲ.

ಕೋವಿ ಇತ್ತು. ಹನ್ನೆರಡರ ಬೋರಿನದೋ ಇಪ್ಪತ್ತರದೋ ಎಂದು ಇಡೀ ಚಳಿಗಾಲ ತಲೆ ಕೆಡಿಸಿಕೊಂಡು ಹನ್ನೆರಡರದನ್ನು ಕೊಂಡಿದ್ದ. ಇಪ್ಪತ್ತರದು ಹಗುರ, ಹೊಲ ಸುತ್ತಲು ಸುಖ. ಹನ್ನೆರಡರದು ಭಾರ, ಆದರೆ ಒಂದು ಈಡಿಗೆ ಹಾರುವ ಚರೆಗುಂಡು ಹೆಚ್ಚು. ತನ್ನ ಗುರಿಯ ಮೇಲೆ ನಂಬಿಕೆಯಿಲ್ಲದ್ದರಿಂದ ಅವನು ಚರೆಯನ್ನು ನಂಬಿದ. ಅದರ ಆಕ್ರೋಟ್ ಮರದ ಹಿಡಿಯನ್ನು ಮುಟ್ಟಿದಾಗಲೆಲ್ಲ ಚರ್ಚಿನೊಳಗೆ ಕಾಲಿಟ್ಟವನ ಹಾಗೆ ಅವನ ದನಿ ತಾನಾಗಿ ತಗ್ಗುತ್ತಿತ್ತು.

ಅಕ್ಟೋಬರಿನ ಆ ಶನಿವಾರ ಫೆಸೆಂಟ್ ಎಂಬ ಉದ್ದ ಬಾಲದ ಕಾಡುಕೋಳಿಯ ಬೇಟೆ ಶುರುವಾಗುವ ದಿನ. ಸೌತ್ ಡಕೋಟದ ಆ ಮೂಲೆಯಲ್ಲಿ ಅವತ್ತು ಹುಟ್ಟುವ ಮಗುವೂ ಒಂದು ದಿನ ತಡೆದುಕೊಳ್ಳಬೇಕೆಂದು ಜನ ಬಯಸುತ್ತಾರೆ. ವೆಂಡೆಲ್‌ನ ಮಾವ ಎಮಿಲ್ ಶಾಫರ್ ತನ್ನ ಮುಸುಕಿನ ಜೋಳದ ಹೊಲದಲ್ಲಿ ನೆಂಟರಿಷ್ಟರನ್ನು ಸಾಲಾಗಿ ನಿಲ್ಲಿಸಿ ಬೇಟೆಯಾಡಿಸುತ್ತಿದ್ದ. ಅವನ ಕಟ್ಟಳೆ ಒಂದೇ: ಮೂರು ವರ್ಷ ಒಂದು ಹುಂಜವನ್ನೂ ಉರುಳಿಸದವನು ಸಾಲಿನಿಂದ ಹೊರಕ್ಕೆ. ಆಮೇಲೆ ಅವನು ಕೊಟ್ಟಿಗೆಯಲ್ಲಿ ಕೂತು ಬೇರೆಯವರ ಹಕ್ಕಿಗಳ ಪುಕ್ಕ ತರಿಯಬೇಕು. ವೆಂಡೆಲ್‌ಗೆ ಇದು ಮೂರನೆಯ ವರ್ಷ. ಅವನ ಜಾಗಕ್ಕೆ ಮಿನಿಯಾಪೊಲಿಸ್‌ನ ಹಲ್ಲಿನ ಡಾಕ್ಟರೊಬ್ಬ ಆಗಲೇ ಹೊಸ ಬೂಟು ಕೊಂಡು ಕಾದಿದ್ದ.

ಬೆಳಿಗ್ಗೆ ಫೋನು ಬಂತು.

"ಏನಯ್ಯಾ ಪೀಪಿ ಮೇಷ್ಟ್ರೇ, ಯಾವ ಚೋಕ್ ಹಾಕಿದೀಯ?" ವೆಂಡೆಲ್ ಶಾಲೆಯಲ್ಲಿ ಮಕ್ಕಳಿಗೆ ಬ್ಯಾಂಡ್ ಕಲಿಸುತ್ತಿದ್ದ. ಮಾವನಿಗೆ ತುತ್ತೂರಿಯೂ ಕೊಳಲೂ ಎಲ್ಲವೂ ಪೀಪಿಯೇ.

"ಬಿಗಿ ಚೋಕ್ ಮಾವ. ಅಂಗಡಿಯಿಂದ ಬರ್ತಾನೇ ಇತ್ತು."

"ಅಯ್ಯೋ ನಿನ್ನ! ಇವತ್ತು ನೀನು ಹೊಲದೊಳಗೆ ನಡೆಯೋನು. ಕಾಲ ಬುಡದಲ್ಲಿ ಎದ್ದ ಹುಂಜಕ್ಕೆ ಅದ್ರಲ್ಲಿ ಹೊಡೆದ್ರೆ ಖೈಮಾ ಆಗುತ್ತೆ. ಬದಲಾಯ್ಸು!"

ಚೋಕ್ ಎಂದರೆ ನಳಿಗೆಯ ಬಾಯಿಗೆ ತಿರುಪಿ ಕೂರಿಸುವ ಬೆರಳುದ್ದದ ಉಕ್ಕಿನ ಕೊಳವೆ. ಬಿಗಿಯದಾದರೆ ಚರೆ ಒತ್ತೊತ್ತಾಗಿ ದೂರ ಹೋಗುತ್ತದೆ. ಸಡಿಲದ್ದಾದರೆ ಹತ್ತಿರದಲ್ಲೇ ಹರಡುತ್ತದೆ. ನಡುವಣದ್ದು ಇವೆರಡರ ಮಧ್ಯೆ. ಯಾವುದು ಮೇಲು ಎಂಬ ಜಗಳದಲ್ಲಿ ಆ ಊರಿನ ಅಣ್ಣತಮ್ಮಂದಿರು ಮಾತು ಬಿಟ್ಟದ್ದುಂಟು. ಅದನ್ನು ಬಿಚ್ಚುವ ಕೀಲಿ ಮೇಜಿನ ಖಾನೆಯಲ್ಲಿರಲಿಲ್ಲ, ಕೋಟಿನಲ್ಲಿರಲಿಲ್ಲ, ತುತ್ತೂರಿಯ ಪೆಟ್ಟಿಗೆಯಲ್ಲೂ ಇರಲಿಲ್ಲ.

"ಡೋರಿಸ್, ನನ್ನ ಕೀಲಿ ಕಂಡ್ಯಾ?"

"ನಿನ್ನ ಕೀಲಿ ನಾನ್ಯಾಕೆ ಕಾಣ್ಲಿ?" ಎಂದಳು ಹೆಂಡತಿ ಒಲೆಯ ಕಡೆಯಿಂದ. "ಹೊರಡು, ಅಪ್ಪ ಕಾಯ್ತಾರೆ."

ಬೇಟೆಗಾರರೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಕಿತ್ತಳೆ ಟೋಪಿ ಹಾಕಿಕೊಂಡು ಪ್ಯಾನ್‌ಕೇಕ್ ತಿನ್ನುತ್ತಿದ್ದರು. ಟ್ರ್ಯಾಕ್ಟರ್ ರಿಪೇರಿಯ ಕ್ಲಾರೆನ್ಸ್‌ನ ಸೊಂಟದಲ್ಲಿ ಜೈಲರನಿಗಿಂತ ಹೆಚ್ಚು ಕೀಲಿಗಳಿದ್ದವು. ವೆಂಡೆಲ್ ಅವನನ್ನು ಚೋಕಿನ ಕೀಲಿ ಕೇಳಿದ.

"ಕೀಲಿ ಕೊಡೋದಲ್ಲ, ನಾನೇ ಹಾಕಿಕೊಡ್ತೀನಿ," ಎಂದು ಕ್ಲಾರೆನ್ಸ್ ಕೈ ಒರೆಸಿಕೊಂಡು ಎದ್ದ. ಹೊರಗೆ ವೆಂಡೆಲ್‌ನ ಖಾಲಿ ಕೋವಿಯಿಂದ ಬಿಗಿ ಚೋಕ್ ಕಳಚಿ ತನ್ನ ಸಡಿಲ ಚೋಕ್ ಕೂರಿಸಿದ. ಆ ಬೆರಳುಗಳ ಚುರುಕನ್ನು ವೆಂಡೆಲ್ ಬಾಯಿ ಬಿಟ್ಟುಕೊಂಡು ನೋಡಿದ. "ಇದ್ರಲ್ಲಿ ಕಣ್ಣು ಮುಚ್ಕೊಂಡು ಹೊಡೆದ್ರೂ ತಾಗುತ್ತೆ, ಮೇಷ್ಟ್ರೇ."

ಕಾಫಿ ಬಗ್ಗಿಸುತ್ತಿದ್ದ ಲವೋನ್ ಕೆಟಲು ಹಿಡಿದುಕೊಂಡೇ ಹೊರಗೆ ಬಂದಳು. ಎಮಿಲ್‌ನ ತಂಗಿ, ವಿಧವೆ. ಸಾಲಿನಲ್ಲಿ ಎಲ್ಲರಿಗಿಂತ ಒಳ್ಳೆಯ ಗುರಿಕಾರ್ತಿ. ಬೆರಳು ನಾಲಿಗೆಗೆ ತಾಗಿಸಿ ಗಾಳಿಗೆ ಹಿಡಿದಳು. ಆ ಬೆರಳಿನತ್ತ ಎಲ್ಲರೂ ಬಾವುಟ ನೋಡುವಂತೆ ನೋಡಿದರು.

"ಈ ಗಾಳೀಲಿ ಹಕ್ಕಿ ದೂರದಲ್ಲೇ ಏಳುತ್ತೆ. ಸಡಿಲ ಚೋಕ್ ಹಾಕ್ಕೊಂಡು ಏನ್ ಮಾಡ್ತೀಯೋ? ಮದುವೆ ಹುಡುಗೀಗೆ ಅಕ್ಕಿ ಎರಚ್ದಂಗೆ ಹುಂಜಕ್ಕೆ ಎರಚ್ತೀಯಾ? ಕ್ಲಾರೆನ್ಸ್, ತೆಗಿ ಅದನ್ನ. ನನ್ನ ನಡು ಚೋಕ್ ಹಾಕು."

"ನಾನು ಹಾಕಿದ್ದನ್ನ ನಾನೇ ತೆಗೀಬೇಕಾ?"

"ಹೌದು. ಮತ್ತೆ ಕಾಫಿ ಬೇಡ್ವಾ ನಿಂಗೆ?"

ಕ್ಲಾರೆನ್ಸ್ ತೆಗೆದ.

ಹೊಲದ ಬಳಿ ಎಮಿಲ್ ಪಿಕಪ್ಪಿನ ಬೆನ್ನ ಮೇಲೆ ನಿಂತು ಸೇನಾಪತಿಯಂತೆ ಜಾಗ ಹಂಚಿದ. ಆಚೆ ತುದಿಯಲ್ಲಿ ನಿಲ್ಲಬೇಕಿದ್ದವರಲ್ಲಿ ಒಬ್ಬ ಮಂಡಿ ಕೈಕೊಟ್ಟು ಬಂದಿರಲಿಲ್ಲ. "ಅಳಿಯಂದ್ರೇ, ನೀವು ಆಚೆ ತುದೀಲಿ ನಿಂತ್ಕೊಳ್ಳಿ. ಇವರು ಈ ಕಡೆಯಿಂದ ನಡೆದು ಅಟ್ಟಿಕೊಂಡು ಬರ್ತಾರೆ. ಹಕ್ಕಿ ನಿಮ್ಮ ತಲೆ ಮೇಲೆ ಎತ್ತರದಲ್ಲಿ ಹಾರುತ್ತೆ. ಬಿಗಿ ಚೋಕ್ ಇದೆ ತಾನೆ?"

ವೆಂಡೆಲ್ ನಳಿಗೆಯ ಬಾಯಿ ನೋಡಿದ. ಅವನ ಬಿಗಿ ಚೋಕ್ ಕ್ಲಾರೆನ್ಸ್‌ನ ಜೇಬಿನಲ್ಲಿತ್ತು, ಕೀಲಿ ಕ್ಲಾರೆನ್ಸ್‌ನ ಸೊಂಟದಲ್ಲಿ. ಕ್ಲಾರೆನ್ಸ್ ಹೊಲದ ಈಚೆ ತುದಿಯ ಸಾಲಿಗೆ ಹೊರಟುಹೋಗಿದ್ದ.

ಆಚೆ ತುದಿಯಲ್ಲಿ ಅವನ ಜೊತೆ ನಿಂತವನು ಎಮಿಲ್‌ನ ಅಣ್ಣ ಓರ್ವಿಲ್. ಮುದುಕ ಅಂಗಿಯ ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ನಿಧಾನ ಬಿಚ್ಚಿದ. ಒಳಗೆ ಬೆಳ್ಳಿಯಂತೆ ಹೊಳೆಯುವ ಚೋಕ್.

"ನೋಡು. ಅತಿ ಬಿಗಿ. ಇದನ್ನ ನನ್ನ ಹೆಂಡ್ತಿಗೂ ಮುಟ್ಟೋಕೆ ಬಿಟ್ಟಿಲ್ಲ."

ವೆಂಡೆಲ್ ಕೈಗವಸು ಕಳಚಿ ಅದನ್ನು ಎರಡು ಬೆರಳಲ್ಲಿ ಹಿಡಿದ. ಒಳಗಿನಿಂದ ನೋಡಿದರೆ ಆಕಾಶ ಪುಟ್ಟ ನಾಣ್ಯದಷ್ಟು, ಆದರೆ ಎಷ್ಟು ಚೊಕ್ಕ! "ದೊಡ್ಡ ಮಾವ, ನನ್ನ ಕೋವಿಗೆ ಇದರ ತಿರುಪು ಹೊಂದುತ್ತಾ?"

"ಹೆಚ್ಚುಕಮ್ಮಿ ಹೊಂದುತ್ತೆ."

ಓರ್ವಿಲ್ ಖಾಲಿ ಕೋವಿಯನ್ನು ತೊಡೆಯ ಮೇಲಿಟ್ಟು ನಾಣ್ಯವೊಂದರಿಂದ ನಡು ಚೋಕ್ ಬಿಚ್ಚಿದ, ತನ್ನದನ್ನು ಒಂದೆರಡು ಸುತ್ತು ತಿರುಪಿದ. ಅಷ್ಟರಲ್ಲಿ ಬೇಟೆ ಶುರುವಾಗಬೇಕಾದ ಹತ್ತು ಗಂಟೆಯಾಯಿತು. ಎಮಿಲ್ ಪಿಕಪ್ಪಿನ ಹಾರನ್ ಒತ್ತಿದ. "ಸಾಕು, ನಿಲ್ಲುತ್ತೆ," ಎಂದ ಓರ್ವಿಲ್.

ವೆಂಡೆಲ್ ಮುಟ್ಟಿ ನೋಡಿದ. ಅದು ಅಲ್ಲಾಡಿತು. ಮಕ್ಕಳ ತುತ್ತೂರಿಯ ಬಾಯಿ ಹೀಗೆ ಅಲ್ಲಾಡಿದರೆ ಅವನು ಬೆತ್ತ ಕುಟ್ಟುತ್ತಿದ್ದ. ಆದರೆ ಹೆಂಡತಿಗೂ ಮುಟ್ಟಗೊಡದ ಚೋಕ್ ಸಡಿಲವಾಗಿದೆ ಎಂದು ಇಂಥ ಹಿರಿಯನಿಗೆ ಹೇಳುವುದು ಹೇಗೆ? ಸುಮ್ಮನೆ ತೋಟಾ ತುಂಬಿದ.

ಹೊಲದಾಚೆಯಿಂದ ಜನ ನಡೆಯುವ ಸರಬರ ಸದ್ದು ಬಂತು. ಹಕ್ಕಿಗಳು ಹಾರಲಿಲ್ಲ, ಜೋಳದ ಸಾಲುಗಳ ನಡುವೆ ಓಡುತ್ತ ಬಂದವು. ಸದ್ದು ಹತ್ತಿರವಾದಂತೆ ಒಣ ಎಲೆಗಳೆಲ್ಲ ಪಿಸುಗುಟ್ಟಿದವು. ಕೊನೆಯ ಸಾಲಿನ ನೆಲ ಕುದಿಯತೊಡಗಿತು. ಆಮೇಲೆ ಹೊಲ ಒಡೆಯಿತು.

ನೂರಾರು ಹಕ್ಕಿಗಳು. ಹೇಂಟೆಗಳನ್ನು ಹೊಡೆಯುವಂತಿಲ್ಲ, ಆದ್ದರಿಂದ ಸಾಲಿನವರೆಲ್ಲ "ಹೇಂಟೆ! ಹೇಂಟೆ!" ಎಂದು ಕೂಗುತ್ತಿದ್ದರು. ನಡುವೆ "ಹುಂಜ!" ಎಂಬ ಚೀತ್ಕಾರ. ತಾಮ್ರದ ಎದೆ, ಕೊರಳಿಗೆ ಬಿಳಿ ಉಂಗುರ, ಕೆಂಪು ಮುಖ, ಮೊಳದುದ್ದದ ಬಾಲ; ಬಿಸಿಲು ಬಿದ್ದಲ್ಲೆಲ್ಲ ಹಸಿರು ನೇರಳೆ ಕಿಡಿ. ಇಡೀ ಜಿಲ್ಲೆಯ ಬ್ಯಾಂಡುಗಳು ಒಂದೇ ಸಲ ನುಡಿದಿದ್ದರೂ ಆ ರೆಕ್ಕೆಗಳ ಸದ್ದಿನೆದುರು ಕೇಳಿಸುತ್ತಿರಲಿಲ್ಲ. ವೆಂಡೆಲ್‌ಗೆ ಕಣ್ಣು ತುಂಬಿತು. ಹೊಡೆಯಲು ಬಂದವನೆಂಬುದೇ ಮರೆತುಹೋಯಿತು.

"ಹೊಡಿಯೋ ಮಂಕೇ!" ಓರ್ವಿಲ್ ಅರಚಿದ.

ಒಂದೇ ಒಂದು ಹುಂಜ, ಎಲ್ಲರ ಕೋವಿ ಖಾಲಿಯಾದ ಮೇಲೆ, ಬಲು ಎತ್ತರದಲ್ಲಿ ಹೋಗುತ್ತಿತ್ತು. ವೆಂಡೆಲ್ ಟ್ರಿಗರ್ ಎಳೆದ. ಈಡಿನ ಜೊತೆ ಒಂದು ವಿಚಿತ್ರ 'ಟಂಗ್' ಕೇಳಿಸಿತು. ಏನೋ ಬೆಳ್ಳಗೆ ಮಿಂಚಿತು. ಹುಂಜ ಆಕಾಶದಲ್ಲಿ ಗೋಡೆಗೆ ಬಡಿದಂತೆ ನಿಂತು, ಮಡಚಿಕೊಂಡು, ಕೆಳಗೆ ಬಿತ್ತು.

ಅಷ್ಟು ದೂರದ ಈಡನ್ನು ಆ ಹೊಲ ಕಂಡಿರಲಿಲ್ಲ. ಸಾಲಿನ ಜೊತೆ ನಡೆದು ಬಂದಿದ್ದ ಎಮಿಲ್ ಕಿತ್ತಳೆ ಟೋಪಿ ತೆಗೆದು ಎದೆಗೆ ಹಿಡಿದ. ಹೆಂಡತಿಯ ಅಂತ್ಯಕ್ರಿಯೆಯ ನಂತರ ಇದೇ ಮೊದಲು. ನಾಯಿ ಡೊಟ್ಟಿ ಕೂಡ ಅಪ್ಪಣೆಗಾಗಿ ಅರೆಗಳಿಗೆ ಕಾದು, ಆಮೇಲೆ ಹಕ್ಕಿ ತರಲು ಓಡಿತು.

"ಅಳಿಯಂದ್ರೇ," ಎಂದ ಎಮಿಲ್. "ಆ ಹಲ್ಲಿನ ಡಾಕ್ಟರಿಗೆ ಬೂಟು ವಾಪಸ್ ಮಾಡೋಕೆ ಹೇಳ್ತೀನಿ."

"ನನ್ನ ನಡು ಚೋಕ್ ಅಂದ್ರೆ ಹಂಗೆ," ಎಂದಳು ಲವೋನ್.

"ಚೋಕ್ ನಿಂದಾದ್ರೂ ಹಾಕಿದ ಕೈ ನಂದಮ್ಮ! ಬೆಳಿಗ್ಗೆ ನಾನ್ ಹೇಳ್ಲಿಲ್ವಾ, ಕಣ್ಣು ಮುಚ್ಕೊಂಡು ಹೊಡೀಬಹುದು ಅಂತ?" ಎಂದ ಕ್ಲಾರೆನ್ಸ್.

"ಇಬ್ರೂ ಬಾಯಿ ಮುಚ್ಚಿ, ನಂದು," ಎಂದ ಓರ್ವಿಲ್. "ತೋರಿಸಪ್ಪ ಕೋವೀನ."

ವೆಂಡೆಲ್ ಕೋವಿಯ ತೋಟಾ ತೆಗೆದು ಎತ್ತಿ ತೋರಿಸಿದ. ನಳಿಗೆಯ ಬಾಯಿ ಟ್ಯೂಬಾ ವಾದ್ಯದ ಬಾಯಿಯಂತೆ ಅರಳಿಕೊಂಡಿತ್ತು. ಅಲ್ಲಿ ಯಾರ ಚೋಕೂ ಇರಲಿಲ್ಲ.

ಡೊಟ್ಟಿ ಹುಂಜವನ್ನು ಎಮಿಲ್‌ನ ಕಾಲ ಬಳಿ ಇಟ್ಟಿತು. ಎಮಿಲ್ ಕೂತು ಎದೆಯ ಪುಕ್ಕ ಸರಿಸಿದ. ಒಂದು ಚರೆಯೂ ಇಲ್ಲ. ರೆಕ್ಕೆ ಎತ್ತಿದ. ಅಲ್ಲೂ ಇಲ್ಲ. ಕುತ್ತಿಗೆಯ ಬುಡಕ್ಕೆ ಬೆರಳು ಹಾಕಿ, ಏನೋ ಗಟ್ಟಿಯಾದದ್ದನ್ನು ಎಳೆದು ತೆಗೆದು ಪ್ಯಾಂಟಿಗೆ ಒರೆಸಿದ. ಅದು ಬಿಸಿಲಿಗೆ ಹೊಳೆಯಿತು.

"ನಾನ್ ಹೇಳ್ಲಿಲ್ವಾ!" ಓರ್ವಿಲ್ ಕುಣಿದ. "ನನ್ನ ಚೋಕೇ ಹಕ್ಕಿ ಹೊಡೆದಿದ್ದು!"

ಎಮಿಲ್ ಚೋಕನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ. ನ್ಯಾಯದ ವಿಷಯದಲ್ಲಿ ಅವನು ಮಗಳ ಮುಖವನ್ನೂ ನೋಡುವವನಲ್ಲ. "ಮೇಷ್ಟ್ರ ಚರೆ ಒಂದೂ ತಾಗಿಲ್ಲ. ಹಕ್ಕಿ ಸತ್ತಿದ್ದು ಚೋಕಿನಿಂದ. ಚೋಕ್ ಓರ್ವಿಲಣ್ಣಂದು. ಆದ್ದರಿಂದ ಹಕ್ಕೀನೂ ಓರ್ವಿಲಣ್ಣಂದೇ." ಹೀಗೆಂದು ಟೋಪಿಯನ್ನು ಮತ್ತೆ ತಲೆಗೇರಿಸಿದ.

ಸಂಜೆ ಕೊಟ್ಟಿಗೆಯಲ್ಲಿ ವೆಂಡೆಲ್ ಓರ್ವಿಲ್‌ನ ಹುಂಜದ ಪುಕ್ಕ ತರಿಯುತ್ತಿದ್ದ. ತಾಮ್ರದ ಒಂದೊಂದು ಗರಿಯನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದುದರಿಂದ ಕೆಲಸ ನಿಧಾನವಾಗಿತ್ತು. ಡೋರಿಸ್ ಅವನಿಗೆಂದು ಒಂದು ತುಂಡು ಕೇಕ್ ತಂದಳು. ಏಪ್ರನ್ನಿನ ಜೇಬಿನಿಂದ ಏನನ್ನೋ ತೆಗೆದು ಪಕ್ಕದಲ್ಲಿಟ್ಟಳು.

"ಉಪ್ಪಿನಕಾಯಿ ಬಾಟ್ಲಿ ಮುಚ್ಚಳ ಎಬ್ಬಿಸೋದಕ್ಕೆ ಇದು ಭಾಳ ಚೆನ್ನಾಗಿದೆ. ನೀನು ಹುಡುಕ್ತಿದ್ದಿದ್ದು ಇದಲ್ಲ ತಾನೆ?"

ಹಾಗಾಗಿ ಕೀಲಿ ಕಳೆದಿರಲಿಲ್ಲ. ಆ ದಿನ ಕಳೆದದ್ದು ಒಂದು ನಳಿಗೆ, ಒಂದು ಹುಂಜ, ಸಾಲಿನಲ್ಲಿ ಒಂದು ಜಾಗ.