ಎಡಕ್ಕೆ ಹಸಿರು, ಬಲಕ್ಕೆ ಕೆಂಪು

ಮದುವೆಯಾದಾಗಿನಿಂದ ನಾನು ನನ್ನ ಹೆಂಡತಿ ಶೇಖವ್ವನ ಎದುರು ಒಂದೇ ಒಂದು ವಾದ ಗೆದ್ದವನಲ್ಲ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಕಳಕಪ್ಪನ ಮನೆಯಲ್ಲಿ ಮಗ್ಗದ ಸದ್ದು ನಿಂತರೂ ಶೇಖವ್ವನ ಮಾತು ನಿಲ್ಲುವುದಿಲ್ಲ ಎನ್ನುತ್ತಾರೆ. ನನ್ನ ಮಗ್ಗದ ಮೇಲೂ ಅವಳದೇ ರಾಜ್ಯಭಾರ. ನೂಲು ಸುತ್ತಿದ ಕಂಡಿಕೆಗಳಲ್ಲಿ ಹಸಿರು ಎಡಗಡೆಯ ಬುಟ್ಟಿಗೆ, ಕೆಂಪು ಬಲಗಡೆಯ ಬುಟ್ಟಿಗೆ. ಒಮ್ಮೆ ಜಾಗ ಸಾಲದೆಂದು ನಾನು ಬುಟ್ಟಿಗಳನ್ನು ಅದಲುಬದಲು ಮಾಡಿದ್ದಕ್ಕೆ ಆ ದಿನ ನನಗೆ ರೊಟ್ಟಿ ಸಿಕ್ಕಿರಲಿಲ್ಲ. ಇಂಥವನ ಪಕ್ಷ ವಹಿಸಿ ಸಾಕ್ಷಾತ್ ವಿಜ್ಞಾನವೇ ಎದ್ದು ನಿಂತರೆ ಅವನಿಗೆ ಎಷ್ಟು ಆನಂದವಾಗಿರಬೇಡ!

ಜಗಳ ಮಗನ ಮದುವೆಯದು. ಜಕ್ಕಲಿಯಲ್ಲಿರುವ ತನ್ನ ಅಣ್ಣ ಈಶಪ್ಪನ ಮಗಳು ಬನಶಂಕರಿಯನ್ನೇ ಸೊಸೆ ಮಾಡಿಕೊಳ್ಳಬೇಕೆಂದು ಶೇಖವ್ವನ ಹಟ. ನನಗೆ ನರಗುಂದದ ನೂಲಿನ ವ್ಯಾಪಾರಿ ಮಹಾಲಿಂಗಪ್ಪನವರ ಮಗಳ ಮೇಲೆ ಮನಸ್ಸು. (ಹುಡುಗಿಯನ್ನು ನಾನು ನೋಡಿರಲಿಲ್ಲ, ಅವರ ಅಂಗಡಿಯನ್ನು ನೋಡಿದ್ದೆ.) ಈ ಒಂದು ವಾದವನ್ನಾದರೂ ಗೆಲ್ಲದಿದ್ದರೆ ನಾನು ಮೀಸೆ ಬಿಟ್ಟದ್ದೇ ದಂಡ ಎಂದುಕೊಂಡಿದ್ದೆ.

ಅಷ್ಟರಲ್ಲಿ ಮಗ ಮುತ್ತಪ್ಪ ಹುಬ್ಬಳ್ಳಿಗೆ ಹೋಗಿ ರೈಲಿನ ಕೆಲಸದ ಕಣ್ಣು ಪರೀಕ್ಷೆಯಲ್ಲಿ ನಪಾಸಾಗಿ ಬಂದ. ಕೆಂಪು ದೀಪ ತೋರಿಸಿದರೆ ಹಸಿರು ಎಂದನಂತೆ. ಗಾಡಿ ನಿಲ್ಲಿಸಬೇಕಾದಲ್ಲಿ ಓಡಿಸುವವನು ನಮಗೆ ಬೇಡ ಎಂದು ಅವರು ಕೈಮುಗಿದು ಕಳಿಸಿದರು. ನಾನು ಅವನನ್ನು ಗದಗಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ಒಂದು ಪುಸ್ತಕ ತೆಗೆದರು. ಹಾಳೆಯ ತುಂಬ ಬಣ್ಣದ ಚುಕ್ಕಿಗಳು. ಅದರೊಳಗೆ ಯಾವ ಅಂಕಿ ಇದೆ ಎಂದು ಕೇಳಿದರು. ಮುತ್ತಪ್ಪ ಯಾವುದೂ ಇಲ್ಲ ಎಂದ. ನಾನೂ ಬಗ್ಗಿ ನೋಡಿದೆ. ಖರೇ ಹೇಳಬೇಕೆಂದರೆ ನನಗೂ ಏನೂ ಕಾಣಲಿಲ್ಲ. ಹಳೆಯ ಪುಸ್ತಕ, ಅಚ್ಚು ಮಾಸಿರಬೇಕು ಎಂದುಕೊಂಡು ಡಾಕ್ಟರ ಮರ್ಯಾದೆ ಉಳಿಸಲು ಸುಮ್ಮನಾದೆ.

ಇದು ಬಣ್ಣಗುರುಡು, ರೋಗವಲ್ಲ, ಇದಕ್ಕೆ ಔಷಧವೂ ಇಲ್ಲ ಎಂದರು ಡಾಕ್ಟರು. ಮನುಷ್ಯನ ಒಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ನೂಲು ಇರುತ್ತದಂತೆ. ಎರಡು ಎಳೆ ಒಂದನ್ನೊಂದು ಸುತ್ತಿಕೊಂಡ ಹುರಿ ಅದು ಎಂದು ಮೂರು ನಾಲ್ಕು ವರ್ಷದ ಹಿಂದೆ ವಿಲಾಯಿತಿಯಲ್ಲಿ ಕಂಡುಹಿಡಿದರಂತೆ. ಮೂಗು, ಮೈಬಣ್ಣ, ಕಾಯಿಲೆ ಕಸಾಲೆ ಎಲ್ಲ ಆ ಹುರಿಯಲ್ಲಿಯೇ ಇಳಿದು ಬರುತ್ತದೆ, ಅದರಲ್ಲಿ ಒಂದೊಂದು ವ್ಯತ್ಯಾಸ ಬಿದ್ದೇ ಜೀವಿಗಳು ಯುಗಯುಗಗಳಿಂದ ಬಗೆಬಗೆಯಾಗಿವೆ ಎಂದರು. ನನಗೆ ರೋಮಾಂಚನವಾಯಿತು. ಎರಡೆಳೆಯ ಹುರಿ! ಹಾಗಾದರೆ ಬ್ರಹ್ಮದೇವನೂ ನಮ್ಮ ಓಣಿಯವನೇ ಎಂದಾಯಿತಲ್ಲ.

ಮುಂದಿನ ಮಾತು ಕೇಳಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಈ ಕೊರತೆ ಗಂಡುಮಗನಿಗೆ ತಾಯಿಯ ಕಡೆಯಿಂದಲೇ ಬರುತ್ತದಂತೆ, ತಂದೆಯಿಂದ ಮಗನಿಗೆ ಬರುವುದಿಲ್ಲವಂತೆ. ತಾಯಿಗೆ ಬಣ್ಣ ಸರಿಯಾಗಿಯೇ ಕಾಣುತ್ತದೆ, ಆದರೆ ಅವಳ ಅಪ್ಪನಲ್ಲಿದ್ದದ್ದನ್ನು ಅವಳು ಮಗನಿಗೆ ದಾಟಿಸುತ್ತಾಳೆ.

“ತಂದಿಯಿಂದ ಬರೂದಿಲ್ಲ, ಹೌದಲ್ರಿ?” ಎಂದು ಮತ್ತೆ ಮತ್ತೆ ಕೇಳಿದೆ. ಮಗನ ಚಿಂತೆಯಿಂದ ನನ್ನ ದನಿ ನಡುಗುತ್ತಿದೆ ಎಂದುಕೊಂಡು ಡಾಕ್ಟರು ಬೆನ್ನು ತಟ್ಟಿದರು. ನಾನು ನಗು ತಡೆದುಕೊಳ್ಳುತ್ತಿದ್ದೆ. ಶೇಖವ್ವನ ಅಪ್ಪ, ಪುಣ್ಯಾತ್ಮ, ಮೆಣಸಿನಕಾಯಿ ಹಣ್ಣಾಗಿದೆಯೋ ಇಲ್ಲವೋ ಎಂದು ಹೆಂಡತಿಯನ್ನು ಕೇಳಿಯೇ ಬಿಡಿಸುತ್ತಿದ್ದದ್ದು ಜಕ್ಕಲಿಗೆಲ್ಲ ಗೊತ್ತು.

ಬಸ್ಸು ಗಜೇಂದ್ರಗಡ ಮುಟ್ಟುವುದರೊಳಗೆ ನನ್ನ ಭಾಷಣ ಸಿದ್ಧವಾಗಿತ್ತು. ಗೆದ್ದವನು ಉದಾರಿಯಾಗಿರಬೇಕೆಂದು ಬಸ್‌ಸ್ಟ್ಯಾಂಡಿನ ಪಕ್ಕದ ನಬೀಸಾಬನ ಅಂಗಡಿಗೆ ಹೋಗಿ, ಶೇಖವ್ವನ ಕುಪ್ಪಸಕ್ಕೆಂದು ರಾಶಿಯಿಂದ ನಾನೇ ಒಂದು ಹಸಿರು ಖಣ ಆರಿಸಿದೆ. ನಬೀಸಾಬ ಖಣವನ್ನೂ ನನ್ನನ್ನೂ ನೋಡಿ, ಮನೆಯಲ್ಲಿ ಒಮ್ಮೆ ತೋರಿಸಿ ಒಯ್ದರೆ ಚಲೋ ಎಂದ. ನೇಕಾರನಿಗೆ ಬಣ್ಣ ಕಲಿಸಲು ಬಂದೆಯಾ ಎಂದು ಗದರಿದೆ. ಅವನು ಸುಮ್ಮನೆ ಕಾಗದದಲ್ಲಿ ಸುತ್ತಿಕೊಟ್ಟ.

ಮನೆಯಲ್ಲಿ ಶೇಖವ್ವ ಕಂಡಿಕೆ ಸುತ್ತುತ್ತಿದ್ದಳು. ನನ್ನ ತಾಯಿ ನೀಲವ್ವ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಾನು ರುಮಾಲು ಸರಿಮಾಡಿಕೊಂಡು ಮಗ್ಗದ ಗುಂಡಿಯ ದಂಡೆಯ ಮೇಲೆ ನಿಂತೆ.

“ಮಗನ ಕಣ್ಣ ಕೆಡಿಸಿದ್ದು ನಿನ್ನ ತವರಮನಿ. ತಂದಿಯಿಂದ ಮಗಗ ಬರೂದಿಲ್ಲ ಅಂತ ಡಾಕ್ಟರ ಹೇಳ್ಯಾರ. ನಿಮ್ಮಪ್ಪನ ಎಳಿ ನಿನ್ನ ಕೈಯಿಂದ ಮುತ್ತಪ್ಪಗ ಬಂದೈತಿ. ಜಕ್ಕಲಿ ಮನಿ ನೂಲು ಇನ್ನ ನಮ್ಮ ಮನಿಗೆ ಬ್ಯಾಡ.”

ಶೇಖವ್ವ ಕೈಯಲ್ಲಿದ್ದ ಕಂಡಿಕೆ ಕೆಳಗಿಟ್ಟಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಗೆಲುವು ಇಷ್ಟು ಸಪ್ಪೆಯಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಸಂಕಟವಾಗಿ ಖಣದ ಪೊಟ್ಟಣವನ್ನು ಅವಳ ಮುಂದೆ ಇಟ್ಟೆ.

ಬೆಳ್ಳುಳ್ಳಿ ಸುಲಿಯುವುದು ನಿಂತಿತು.

“ಯಾವ ಮನಿ ಅಂದೆಪಾ?” ಎಂದಳು ಅವ್ವ.

“ಜಕ್ಕಲಿ ಮನಿ.”

“ನಾ ಯಾವ ಮನಿಯಿಂದ ಬಂದಾಕಿ?”

ಇಲ್ಲಿ ನಿಮಗೊಂದು ಸಂಗತಿ ಹೇಳಬೇಕು, ಗದಗಿನಲ್ಲಿ ಅದು ನನಗೂ ಹೊಳೆದಿರಲಿಲ್ಲ. ನಮ್ಮಲ್ಲಿ ಎಲ್ಲರೂ ಮಾಡುವಂತೆ ನಾನೂ ಸೋದರಮಾವನ ಮಗಳನ್ನೇ ಮದುವೆಯಾದವನು. ಶೇಖವ್ವನ ಅಪ್ಪ ನಮ್ಮವ್ವನ ಒಡಹುಟ್ಟಿದ ಅಣ್ಣ. ಇವಳ ತವರು ಅವಳ ತವರೂ ಹೌದು.

“ತಾಯಿ ಕಡಿಂದ ಮಗಗ ಬರತೈತಿ ಅಂದ್ರ, ನನ್ನ ಕಡಿಂದ ನಿನಗೇನ ಬಂದೈತಿ?” ಎಂದಳು ಅವ್ವ.

ಏನೂ ಬಂದಿಲ್ಲ, ಬಣ್ಣದಲ್ಲೇ ಬದುಕಿದವನು ನಾನು ಎಂದೆ. ಶೇಖವ್ವ ಕಣ್ಣೊರಸಿಕೊಂಡು ಪೊಟ್ಟಣ ಬಿಚ್ಚಿ ಖಣವನ್ನು ಮೊಣಕಾಲ ಮೇಲೆ ಹರಡಿದಳು.

“ಇದು ಯಾವ ಬಣ್ಣರಿ?”

“ಹಸರು.”

ಮುತ್ತಪ್ಪನೂ ಬಗ್ಗಿ ನೋಡಿ ಹಸಿರೇ ಎಂದ. ನನ್ನ ಪರವಾಗಿ ಸಾಕ್ಷಿ ನುಡಿದವನು ಅವನೊಬ್ಬನೇ. ಅವ್ವ ಬೆಳ್ಳುಳ್ಳಿಯ ಮೊರ ಪಕ್ಕಕ್ಕಿಟ್ಟು, ಅದು ಹಸಿರಲ್ಲ, ಇಟ್ಟಂಗಿಯ ಕೆಂಪು ಎಂದು ನಗಲು ಶುರುಮಾಡಿದಳು.

ಶೇಖವ್ವ ಮದುವೆಯಾಗಿ ಬಂದ ಹೊಸತರಲ್ಲೇ ಅವ್ವ ಅವಳಿಗೆ ನನ್ನ ಕಣ್ಣಿನ ಸಂಗತಿ ಎಲ್ಲ ಹೇಳಿದ್ದಳಂತೆ. ಎಡಕ್ಕೆ ಹಸಿರು, ಬಲಕ್ಕೆ ಕೆಂಪು, ಬುಟ್ಟಿ ಮಾತ್ರ ಸರಿಸಬೇಡ ಎಂದು. ಜಕ್ಕಲಿಯಲ್ಲಿ ಶೇಖವ್ವನ ತಾಯಿಯೂ ಗಂಡನ ಮಗ್ಗಕ್ಕೆ ಹಾಗೆಯೇ ಇಡುತ್ತಿದ್ದಳಂತೆ. ಹೆಂಗಸರು ಕೊರತೆಯನ್ನು ಇಳಿಸಿಕೊಂಡು ಬಂದಂತೆ ಅದರ ಮದ್ದನ್ನೂ ಇಳಿಸಿಕೊಂಡು ಬಂದಿದ್ದರು. (ಗದಗಿನ ಡಾಕ್ಟರಿಗೆ ಇದು ಗೊತ್ತಿಲ್ಲ.) ನನಗೇಕೆ ಒಮ್ಮೆಯೂ ಹೇಳಲಿಲ್ಲ ಎಂದು ಕೇಳಿದೆ.

“ಸೀರಿ ಚಲೋ ಬರತಿದ್ದುವಲ್ರಿ, ಮತ್ಯಾಕ ಹೇಳೂದು?” ಎಂದಳು ಶೇಖವ್ವ. ನಾನು ರುಮಾಲು ತೆಗೆದು ಪಕ್ಕಕ್ಕಿಟ್ಟೆ. ಆದರೂ ಗಂಡಸು ನೋಡಿ, ಏನೇ ಆಗಲಿ ಮತ್ತೆ ಜಕ್ಕಲಿಯ ಹೆಣ್ಣು ಬೇಡ ಎಂದೆ.

“ತಂದಿಯಿಂದ ಮಗಗ ಬರೂದಿಲ್ಲ ಅಂದ್ರಲ್ಲ?”

“ಹೌದು, ಡಾಕ್ಟರ ಹೇಳ್ಯಾರ.”

“ಹಂಗಾದ್ರ ನಮ್ಮಪ್ಪನಿಂದ ನಮ್ಮಣ್ಣಗ ಬಂದಿಲ್ಲ. ಅಣ್ಣನ ಮಗಳಿಗೆ ಅದು ಹ್ಯಾಂಗ ಬರತೈತಿ? ಇನ್ನ ಮುತ್ತಪ್ಪನೂ ಮಗ್ಗದಾಗ ಕೂಡಾಂವ. ನರಗುಂದದ ಸಾವಕಾರರ ಮಗಳು ಅವಗ ಬುಟ್ಟಿ ಇಡತಾಳೇನು?”

ಮರುವಾರವೇ ನಾನು ಜಕ್ಕಲಿಗೆ ಹೆಣ್ಣು ಕೇಳಲು ಹೋದೆ. ನಿಶ್ಚಯದ ದಿನ ಶೇಖವ್ವ ಅದೇ ಖಣದ ಕುಪ್ಪಸ ತೊಟ್ಟು, ಇದು ನಮ್ಮವರು ತಾವೇ ಆರಿಸಿ ತಂದ ಹಸಿರು ಖಣ ಎಂದು ಬೀಗರಿಗೆಲ್ಲ ತೋರಿಸಿದಳು.

ಈಗ ನನ್ನ ಮಗ್ಗದ ಪಕ್ಕದಲ್ಲಿ ಮುತ್ತಪ್ಪನ ಮಗ್ಗವಿದೆ, ಬನಶಂಕರಿ ಬುಟ್ಟಿ ಇಡುತ್ತಾಳೆ. ಮೊನ್ನೆ ಯಾವುದೋ ಮಾತಿಗೆ ಸಿಟ್ಟು ಬಂದು, ಮನೆಯ ಯಜಮಾನ ಯಾರು ಎಂದು ತೋರಿಸಲು ನಾಲ್ಕೂ ಬುಟ್ಟಿಗಳನ್ನು ನಡುಮನೆಯಲ್ಲಿ ಸುರುವಿಬಿಟ್ಟೆ. ಸಿಟ್ಟು ಇಳಿದ ಮೇಲೆ ತುಂಬಲು ಕುಳಿತೆ. ಇದು ಯಾವ ಬಣ್ಣ ಎಂದು ಮುತ್ತಪ್ಪನನ್ನು ಕೇಳಿದೆ, ಅವನು ನನ್ನನ್ನೇ ಕೇಳಿದ. ಹೆಂಗಸರು ಬಾವಿಯಿಂದ ಬರುವವರೆಗೆ ಅಪ್ಪ ಮಗ ಇಬ್ಬರೂ ಕಂಡಿಕೆಯ ರಾಶಿಯ ಮುಂದೆ ಕೈಕಟ್ಟಿಕೊಂಡು ಕುಳಿತಿದ್ದೆವು.