ಗಾಂಜಾ ಪ್ರಶ್ನೆಗೆ ಮದುವೆಯ ಉತ್ತರ

ಸುಳ್ಳು ಹೇಳುವುದರಲ್ಲಿ ನನ್ನದು ಎತ್ತಿದ ಕೈ ಅಂತ ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಸ್ವಂತಕ್ಕಾಗಿ ಹೇಳಿದವನಲ್ಲ ನೋಡಿ, ಎಲ್ಲವೂ ಪರೋಪಕಾರ! ಹೆಮ್ಮಾಡಿಯ ಬಸ್ ನಿಲ್ದಾಣದ ಎದುರು ನನ್ನ ಟೈಲರ್ ಅಂಗಡಿ. ನಮ್ಮ ಕಡೆ ಸಂಬಂಧ ಕುದುರುವ ಮೊದಲು ಯಾರಾದರೊಬ್ಬರು ಗುಟ್ಟಾಗಿ ಬಂದು ಊರಲ್ಲಿ ವಿಚಾರಿಸುವುದುಂಟು. ಬಸ್ಸಿಳಿದವರಿಗೆ ಮೊದಲು ಸಿಗುವವನು ನಾನೇ. ಕೆಲಸವಿಲ್ಲದವನಿಗೆ ‘ಸ್ವಂತ ವ್ಯವಹಾರ’, ಜಗಳಗಂಟಿಗೆ ‘ಸ್ವಲ್ಪ ಚುರುಕು’, ಮಧ್ಯಾಹ್ನದವರೆಗೆ ಮಲಗುವವನಿಗೆ ‘ಬಹಳ ಶಾಂತ ಸ್ವಭಾವ’. ಬೈಂದೂರಿನಿಂದ ಬ್ರಹ್ಮಾವರದವರೆಗೆ ನನ್ನ ನಾಲಿಗೆಯ ಮೇಲೆ ನಿಂತ ಸಂಸಾರಗಳು ಎಷ್ಟಿಲ್ಲ! ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರೇ ಹೇಳಿದ್ದಾರಲ್ಲ.

ಹೀಗಿರುವಾಗ ನೆರೆಮನೆಯ ರಕ್ಷಿತಾಳಿಗೆ ಯುದ್ಧನೌಕೆಗಳ ನಕ್ಷೆ ಬಿಡಿಸುವ ಕಡೆ ಕೆಲಸವಾಯಿತು. ಯುದ್ಧನೌಕೆ! ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇನ್ನು ಒಂದೇ ಬಾಕಿ, ಸರ್ಕಾರದವರು ಊರಿಗೇ ಬಂದು ನಡೆಸುವ ಗುಪ್ತ ವಿಚಾರಣೆ. ಅದರಲ್ಲಿ ಎಡವಿದರೆ ಕೆಲಸವಿಲ್ಲ.

“ಮಾವ, ಫಾರಮ್ಮಲ್ಲಿ ನಿಮ್ ಹೆಸ್ರ್ ಕೊಟ್ಟಿದ್ದೆ. ಕಾಲೇಜಲ್ಲಿ ಒಂದ್ ಸಲ ಗಾಂಜಾ ಎಳ್ದದ್ದೂ ಬರ್ದಿದ್ದೆ. ಕೇಂಡ್ರೆ ಇದ್ದದ್ ಇದ್ದಂಗೆ ಹೇಳಿ” ಅಂದಳು.

ಅಯ್ಯೋ ಪೆದ್ದೇ! ಅಂಥದ್ದನ್ನು ಯಾರಾದರೂ ಬರೆದುಕೊಡುತ್ತಾರೆಯೇ? ಇರಲಿ, ಮುಚ್ಚಲು ನಾನಿದ್ದೇನಲ್ಲ ಅಂತ ಧೈರ್ಯ ತಂದುಕೊಂಡೆ.

ಅಧಿಕಾರಿ ಅಂಗಡಿಗೆ ಬಂದರು. ಸಾದಾ ಅಂಗಿ, ಕೈಯಲ್ಲೊಂದು ಫೈಲು. ಥೇಟ್ ಗಂಡಿನ ಕಡೆಯವರ ಹಾಗೆಯೇ ಕುರ್ಚಿಯ ತುದಿಯಲ್ಲಿ ಕೂತು, ಸ್ವಭಾವ ಹೇಗೆ, ಸಹವಾಸ ಹೇಗೆ ಅಂತ ಶುರುಮಾಡಿದರು. ನನಗೆ ಹುರುಪು ಬಂತು. ಗಾಂಜಾದ ಸೇವನೆ ಏನಾದರೂ ಅಂದದ್ದೇ ತಡ, “ಗಾಂಜಾ ಎಂತ ಸಾರ್! ಆ ಹೆಣ್ಣ್ ಜ್ವರ ಬಂದ್ರೂ ಮಾತ್ರೆ ತಿಂಬುದಿಲ್ಲ!” ಅಂದುಬಿಟ್ಟೆ.

ಅವರ ಪೆನ್ನು ನಿಂತಿತು. “ಅವರೇ ಬರೆದುಕೊಟ್ಟಿದ್ದಾರಲ್ರೀ. ಹಳೆಯದೊಂದು ತಪ್ಪನ್ನು ಮನ್ನಿಸಬಹುದು. ಆದರೆ ಸುಳ್ಳು ಹೇಳುವವರ ಕೈಗೆ ದೇಶದ ಗುಟ್ಟು ಕೊಡೋಕಾಗಲ್ಲ. ಹೀಗೆ ಹೇಳಿ ಅಂತ ಅವರೇ ಹೇಳಿಕೊಟ್ಟರಾ?”

ನನ್ನಿಂದಾಗಿ ಹುಡುಗಿಯ ಕೆಲಸ ಹೋಯಿತಲ್ಲಪ್ಪಾ! “ಇಲ್ಲ ಸಾರ್, ಅವ್ಳ್ ಸತ್ಯ ಹೇಳಿ ಅಂದಿದ್ಲ್. ಈ ಸುಳ್ಳ್ ನಂದೇ, ಸ್ವಂತದ್ದ್!”

“ಇದನ್ನು ಹೇಗೆ ನಂಬಲಿ?”

ಆಗ ಬಾಗಿಲಲ್ಲಿ ಬುಟ್ಟಿ ಇಳಿಸಿ ಎಲ್ಲ ಕೇಳುತ್ತಿದ್ದ ಮೀನಿನ ಗಿರಿಜಕ್ಕ ತಡೆಯಲಾರದೆ ನುಗ್ಗಿದಳು. “ಹ್ವಾಯ್ ಸಾರ್, ಆ ಹೆಣ್ಣ್ ಬಂಗಾರ ಕಾಣಿ! ಮೀನ್ ಹಳ್ತಾದ್ರೆ ನನ್ನ್ ಮುಖದ್ ಮೇಲೇ ಹೇಳತ್ತ್. ಆರೆ ಈ ಟೈಲರ್ ಮಾತ್ ಮಾತ್ರ ನಂಬುಕಾಗ!”

ಅಧಿಕಾರಿ ನಗುತ್ತ ಬರೆದುಕೊಂಡರು. ಯಾವುದನ್ನು ಬರೆದಿರಿ ಸಾರ್ ಅಂತ ಕೇಳಿದೆ. “ಎರಡನ್ನೂ” ಅಂದರು.

ರಕ್ಷಿತಾಳಿಗೆ ಕೆಲಸದ ಆರ್ಡರ್ ಬಂತು! ಊರಿಗೆಲ್ಲ ನಾನೇ ಲಾಡು ಹಂಚಿದೆ. ಆದರೆ ಈಗ ಸಂಬಂಧ ವಿಚಾರಿಸಲು ಬಂದವರು ನನ್ನ ಅಂಗಡಿ ದಾಟಿ ಸೀದಾ ಗಿರಿಜಕ್ಕನ ಬಳಿ ಹೋಗುತ್ತಾರೆ. ಮೊನ್ನೆ ನನ್ನ ಮಗನ ವಿಚಾರಕ್ಕೆ ಬಂದವರೂ ಅಲ್ಲಿಗೇ ಹೋದರು. ಏನು ಹೇಳಿದಳೋ, ಕೇಳುವ ಧೈರ್ಯ ನನಗಿಲ್ಲ. ಏನೇ ಹೇಳಿದ್ದರೂ ಅದು ನಿಜವೇ ಆಗಿರುತ್ತದೆ.