ಮೊದಲ ಬೆಂಚಿನವನಿಗೆ ಹತ್ತಕ್ಕೆ ಒಂಬತ್ತು

"ಮೂರು ದಿನ! ಈ ಮೂರು ದಿನದಲ್ಲಿ ಒಂದೇ ಒಂದು ಸಲ ನಿನಗೆ ಫೋನ್ ಮಾಡಿ ಏನಾದ್ರೂ ಕೇಳಿದೆ ಅಂತಿಟ್ಕೋ, ಆಮೇಲೆ ನನ್ನನ್ನ ಮೇಷ್ಟ್ರು ಅಂತಲೇ ಕರೀಬೇಡ!"

ಎರಡನೆಯ ಮಹಡಿಯ ಬಾಗಿಲಲ್ಲಿ ನಿಂತು, ಕೆಳಗಿನ ಮೆಟ್ಟಿಲವರೆಗೂ ಕೇಳುವಂತೆ ಮೇಷ್ಟ್ರು ಪ್ರತಿಜ್ಞೆ ಮಾಡಿದರು. ಚೀಲ ಹಿಡಿದು ಹೊರಟಿದ್ದ ಮನೆಯಾಕೆ ಅರ್ಧಕ್ಕೆ ನಿಂತು, ತಿರುಗಿ, ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಕೇಳದಿದ್ರೆ ನನ್ನ ಪುಣ್ಯ. ಟವೆಲ್ ಎಲ್ಲಿದೆ ಗೊತ್ತೇನ್ರೀ?"

"ಹುಡುಕ್ಕೋತೀನಿ."

"ನಿಮ್ಮ ಹೆಗಲ ಮೇಲಿದೆ. ಸರಿ, ಬರ್ತೀನಿ. ಏನು ಬೇಕಾದ್ರೂ ಮಾಡ್ಕೊಳ್ಳಿ, ಬೀರುವಿನ ಮೇಲಿನ ಖಾನೆಗೆ ಮಾತ್ರ ಕೈ ಹಾಕ್ಬೇಡಿ. ಅಲ್ಲಿ ಅಕ್ಕನ ಶಾಲಿದೆ."

ಅಕ್ಕ ಎಂದರೆ ಮನೆಯಾಕೆಯ ಹಿರಿಯಕ್ಕ. ತಾಯಿಯಿಲ್ಲದ ತಂಗಿಯನ್ನೂ ತಮ್ಮನನ್ನೂ ಹೊಲಿಗೆ ಯಂತ್ರ ತುಳಿದು ಸಾಕಿದವರು. ಹೋದ ವರ್ಷ ತೀರಿಕೊಂಡರು. ಅವರಿದ್ದ ಬಾಡಿಗೆ ಮನೆಯನ್ನು ಈಗ ಮಾಲೀಕರಿಗೆ ಒಪ್ಪಿಸಬೇಕಾಗಿತ್ತು. ಉಳಿದ ಸಾಮಾನು ತೆಗೆಯಲು ಮನೆಯಾಕೆ ತಮ್ಮನ ಜೊತೆ ಹೊರಟಿದ್ದರು. ಶಾಲು ಅಕ್ಕ ಕೊನೆಯ ಚಳಿಗಾಲದಲ್ಲಿ ಹೊದ್ದದ್ದು. ಹಾಲಿನ ಬಣ್ಣದ ಉಣ್ಣೆಯದು. ದಿನಾ ಸಂಜೆ ಮನೆಯಾಕೆ ಬೀರು ತೆರೆದು, ಆ ಖಾನೆಯೊಳಗೆ ತಲೆಯಿಟ್ಟು, ಒಂದು ನಿಮಿಷ ಹಾಗೆಯೇ ನಿಂತು, ಮತ್ತೆ ಬಾಗಿಲು ಮುಚ್ಚುವುದುಂಟು. ಅದು ನುಸಿ ತಪಾಸಣೆ ಎಂದು ಮೇಷ್ಟ್ರು ತಿಳಿದಿದ್ದರು. ಕೇಳಿರಲಿಲ್ಲ. ಟವೆಲ್ಲು, ಸಕ್ಕರೆ, ಕನ್ನಡಕ ಎಲ್ಲಿ ಎಂದು ವಿಚಾರಿಸುವುದರಲ್ಲೇ ಅವರ ದಿನದ ಪ್ರಶ್ನೆಗಳೆಲ್ಲ ಮುಗಿದುಹೋಗುತ್ತಿದ್ದವು.

ಮೇಷ್ಟ್ರ ವಿಷಯ ಒಂದೆರಡು ಮಾತು ಹೇಳಬೇಕು. ಮೂವತ್ತೈದು ವರ್ಷ ಭಾಷೆ ಕಲಿಸಿ ಅವರು ನಿವೃತ್ತರಾಗಿದ್ದರು; ಅವರ ಕೆಂಪು ಶಾಯಿಯ ಪೆನ್ನು ಆಗಿರಲಿಲ್ಲ. ಬೆಳಗಿನ ಪತ್ರಿಕೆ, ನೀರು ಬರುವುದಿಲ್ಲವೆಂಬ ನೋಟೀಸು, ಔಷಧದ ಬಾಟಲಿಯ ಮೇಲಿನ ಸೂಚನೆ, ಎಲ್ಲಕ್ಕೂ ಹತ್ತಕ್ಕೆ ಇಷ್ಟೆಂದು ಅಂಕ ಬೀಳುತ್ತಿತ್ತು. ಪತ್ರಿಕೆಯ ಸಂಪಾದಕೀಯ ಐದು ದಾಟಿದ ದಾಖಲೆಯಿಲ್ಲ. ಇನ್ನು ಶಾಲೆಯಲ್ಲಿ ಅವರ ಶಿಸ್ತೋ, ಕೇಳುವುದೇ ಬೇಡ! ಗಂಟೆ ಹೊಡೆದ ಮೇಲೆ ಕೊಟ್ಟ ಉತ್ತರಪತ್ರಿಕೆಯನ್ನು ಅವರು ಮುಟ್ಟುತ್ತಿರಲಿಲ್ಲ. ಅತ್ತವರಿದ್ದರು, ಕಾಲಿಗೆ ಬಿದ್ದವರಿದ್ದರು. "ಗಂಟೆ ಅಂದ್ರೆ ಗಂಟೆ!" ಎಂದು ಮೇಷ್ಟ್ರು ಕೈ ಹಿಂದಕ್ಕೆ ಕಟ್ಟಿಕೊಂಡು ನಡೆದುಬಿಡುತ್ತಿದ್ದರು.

ಪ್ರತಿಜ್ಞೆಯ ಹಿಂದೆ ಒಂದು ಗುಟ್ಟಿತ್ತು. ಮನೆಯಾಕೆಯ ತಮ್ಮನ ಮಗಳು ಹೋದ ವಾರ ಬಂದಿದ್ದಾಗ ಮೇಷ್ಟ್ರ ಫೋನಿನಲ್ಲಿ ಎಐ ಚಾಟ್‌ಬಾಟ್ ಒಂದನ್ನು ಹಾಕಿಕೊಟ್ಟು, "ಮಾವ, ಏನು ಬೇಕಾದ್ರೂ ಕೇಳಿ, ಎಷ್ಟು ಸಲ ಕೇಳಿದ್ರೂ ಇದು ಬೇಜಾರ್ ಮಾಡ್ಕೊಳ್ಳಲ್ಲ" ಎಂದಿದ್ದಳು. ಬೇಜಾರು ಮಾಡಿಕೊಳ್ಳದ ಜೀವಿಯೊಂದು ಜಗತ್ತಿನಲ್ಲಿದೆ ಎಂದು ಮೇಷ್ಟ್ರಿಗೆ ತಿಳಿದದ್ದೇ ಅಂದು. ಪ್ರಶ್ನೆ ಮುಗಿಯುವ ಮೊದಲೇ ಕೈಯೆತ್ತುವ ಅದರ ಉತ್ಸಾಹ ನೋಡಿ 'ಮೊದಲ ಬೆಂಚಿನವನು' ಎಂದು ಹೆಸರಿಟ್ಟರು. ಅವಳೇ ಅವರನ್ನು ಇಂಟರ್‌ನೆಟ್ಟಿನ ಒಂದು ಗುಂಪಿಗೂ ಸೇರಿಸಿದ್ದಳು. ಮನೆಗೆಲಸದ ತೊಂದರೆಗಳಿಗೆ ಜನ ಪರಸ್ಪರ ಸಲಹೆ ಕೊಡುವ ಜಾಗ. ಮೂವತ್ತು ಸಾವಿರ ಸದಸ್ಯರು. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಮೇಷ್ಟ್ರು ಅದನ್ನು 'ಹಿಂದಿನ ಬೆಂಚು' ಎಂದು ಕರೆದರು.

ಮೊದಲ ದಿನವೇ ಪರೀಕ್ಷೆ ಶುರುವಾಯಿತು.

"ನಮ್ಮ ಮನೆಯಲ್ಲಿ ಸಕ್ಕರೆ ಎಲ್ಲಿದೆ?"

"ಒಳ್ಳೆಯ ಪ್ರಶ್ನೆ!" ಎಂದಿತು ಚಾಟ್‌ಬಾಟ್.

ಮೇಷ್ಟ್ರ ಕಣ್ಣು ತೇವವಾಯಿತು. ನಲವತ್ತು ವರ್ಷದ ಸಂಸಾರದಲ್ಲಿ ಈ ಪ್ರಶ್ನೆಗೆ ಇಷ್ಟು ಮರ್ಯಾದೆ ಎಂದೂ ಸಿಕ್ಕಿರಲಿಲ್ಲ! ನಿಮ್ಮ ಅಡುಗೆಮನೆಯನ್ನು ನಾನು ನೋಡಿಲ್ಲ, ಆದರೆ ಬಹಳಷ್ಟು ಮನೆಗಳಲ್ಲಿ ಒಲೆಯ ಪಕ್ಕದ ಡಬ್ಬಿಯಲ್ಲಿರುತ್ತದೆ ಎಂದು ಅದು ವಿನಯದಿಂದ ತಿಳಿಸಿತು. ಒಲೆಯ ಪಕ್ಕದ ಡಬ್ಬಿಯಲ್ಲಿದ್ದದ್ದು ಉಪ್ಪು. ಆ ಕಾಫಿಯನ್ನು ಮೇಷ್ಟ್ರು ಕೊನೆಯ ಗುಟುಕಿನವರೆಗೂ ಕುಡಿದರು. ಪ್ರತಿಜ್ಞೆ ಎಂದರೆ ಪ್ರತಿಜ್ಞೆ! ಸಂಜೆ, ಏಳು ಡಬ್ಬಿ ತೆರೆದ ಮೇಲೆ ಎಂಟನೆಯದರಲ್ಲಿ ಸಕ್ಕರೆ ಸಿಕ್ಕಿತು.

ಎರಡನೆಯ ದಿನ ಬೆಳಿಗ್ಗೆ ವಿಪರೀತ ಚಳಿ. ದಪ್ಪ ಕಂಬಳಿ ಎಲ್ಲಿರುತ್ತದೆ? ಮೊದಲ ಬೆಂಚಿನವನು ಕೈಯೆತ್ತಿದ: ಸಾಮಾನ್ಯವಾಗಿ ಬೀರುವಿನ ಅತ್ಯಂತ ಮೇಲಿನ ಖಾನೆಯಲ್ಲಿ. ಮನೆಯಾಕೆಯ ಮಾತು ಮೇಷ್ಟ್ರಿಗೆ ನೆನಪಾಗದೆ ಇರಲಿಲ್ಲ. ಆದರೆ ಬೇಡವೆಂದದ್ದು ಶಾಲು ಮುಟ್ಟಲು. ತಾವು ಮುಟ್ಟುವುದು ಕಂಬಳಿ. ಹೀಗೆ ತರ್ಕಿಸಿ ಸ್ಟೂಲು ಹತ್ತಿದರು. ಆಗಷ್ಟೇ ಪತ್ರಿಕೆಗೆ ಅಂಕ ಹಾಕುತ್ತಿದ್ದರಲ್ಲ, ಬಲಗೈಯಲ್ಲಿ ಕೆಂಪು ಪೆನ್ನು ಹಾಗೇ ಇತ್ತು, ಮುಚ್ಚಳ ಮೇಜಿನ ಮೇಲಿತ್ತು.

ಕಂಬಳಿ ಅಲ್ಲೇ ಇತ್ತು. ಎಳೆದರು. ಜೊತೆಗೆ ಶಾಲೂ ಜಾರಿತು. ಬೀಳದಿರಲೆಂದು ಮೇಷ್ಟ್ರು ಎರಡೂ ಕೈಯಿಂದ ಅಪ್ಪಿ ಹಿಡಿದರು. ಶಾಲು ಬೀಳಲಿಲ್ಲ. ಪೆನ್ನೂ ಬೀಳಲಿಲ್ಲ. ಅದು ಶಾಲಿನ ನಟ್ಟನಡುವೆ ನೆಟ್ಟು ನಿಂತು, ಹೊಟ್ಟೆಯಲ್ಲಿದ್ದ ಶಾಯಿಯನ್ನೆಲ್ಲ ನಿಧಾನವಾಗಿ ಕಕ್ಕುತ್ತಿತ್ತು.

ಮೇಷ್ಟ್ರು ಸ್ಟೂಲಿನ ಮೇಲೆಯೇ ಕುಕ್ಕರಿಸಿದರು. ಅಕ್ಕ ಹೋದ ದಿನ ಮನೆಯಾಕೆ ಬೇರೇನನ್ನೂ ಕೇಳಿರಲಿಲ್ಲ, ಈ ಶಾಲೊಂದನ್ನು ಎದೆಗವಚಿಕೊಂಡು ಬಂದಿದ್ದರು. ಈಗ ಅದರ ಮೇಲೆ ಅಂಗೈಯಗಲದ ಕೆಂಪು ಹೂವು ಅರಳಿತ್ತು.

ಫೋನ್ ಮಾಡಿ ಹೇಳಿಬಿಡಲೇ? ಬೆರಳು ನಂಬರಿನ ತನಕ ಹೋಗಿ ಹಿಂದಕ್ಕೆ ಬಂತು. ಪ್ರತಿಜ್ಞೆಯ ಹೆಸರು ಹೇಳಿದರೂ ನಿಜವಾಗಿ ತಡೆದದ್ದು ಹೆದರಿಕೆ.

ಎರಡು ಬೆಂಚುಗಳಿಗೂ ಒಂದೇ ಪ್ರಶ್ನೆ ಹಾಕಿದರು: 'ಉಣ್ಣೆಯ ಶಾಲಿನ ಮೇಲೆ ಕೆಂಪು ಶಾಯಿ ಚೆಲ್ಲಿದೆ. ಒಂದು ವರ್ಷದಿಂದ ಒಗೆದೂ ಇಲ್ಲ. ಕಲೆ ತೆಗೆಯುವುದು ಹೇಗೆ?' ಹಿಂದಿನ ಬೆಂಚಿಗೆ ಫೋಟೋವನ್ನೂ ಕಳಿಸಿದರು. ಬಂದ ಉತ್ತರಗಳನ್ನು ಹಾಳೆಯ ಮೇಲೆ ಬರೆದುಕೊಂಡು, ಪೆನ್ನಿಗೆ ಮತ್ತೆ ಶಾಯಿ ತುಂಬಿ, ಶಾಸ್ತ್ರೋಕ್ತವಾಗಿ ಮೌಲ್ಯಮಾಪನಕ್ಕೆ ಕೂತರು.

'ಹಾಲಲ್ಲಿ ನೆನೆಸಿ.' ಎಂಥ ಹಾಲು, ಎಷ್ಟು ಹೊತ್ತು? ಎರಡು ಅಂಕ.

'ಹೊಸದು ತಗೊಳ್ಳಿ ಸಾರ್.' ಒಂದು.

'ಇದು ಶಾಯಿ ಅಂತ ನಂಬೋಕಾಗ್ತಿಲ್ಲ. ಮೊದಲು ಪೊಲೀಸರಿಗೆ ತಿಳಿಸಿ.' ಸೊನ್ನೆ! ನಡತೆಗೆ ಬೇರೆ ಕಳೆಯಬೇಕು!

ಇಬ್ಬರು ನಿಂಬೆರಸವೋ ಉಪ್ಪೋ ಎಂದು ಜಗಳಕ್ಕೆ ಬಿದ್ದು, ಪರಸ್ಪರರ ಮನೆತನದವರೆಗೆ ಹೋಗಿದ್ದರು. ಇಬ್ಬರನ್ನೂ ಹೊರಗೆ ನಿಲ್ಲಿಸಿದರು.

'ಹಳೇ ಗುಂಡಿ' ಎಂಬ ಹೆಸರಿಟ್ಟುಕೊಂಡಿದ್ದ ಒಬ್ಬರು ಬರೆದದ್ದು ಇಷ್ಟೇ: 'ಯಾರ ಶಾಲು ಸರ್? ಒಂದು ವರ್ಷದಿಂದ ಯಾಕೆ ಒಗೆದಿಲ್ಲ?'

"ಪ್ರಶ್ನೆಗೆ ಪ್ರಶ್ನೆ ಉತ್ತರವಲ್ಲ!" ಎಂದು ಮೇಷ್ಟ್ರು ಗುಡುಗಿ, ದುಂಡನೆಯ ಸೊನ್ನೆ ಸುತ್ತಿ, ಆ ಸೊನ್ನೆಯನ್ನು ಹಾಗೇ ಗುಂಪಿನಲ್ಲೂ ಪ್ರಕಟಿಸಿದರು.

ಮೊದಲ ಬೆಂಚಿನವನ ಉತ್ತರವೋ, ಕಣ್ಣಿಗೊತ್ತಿಕೊಳ್ಳುವಂತಿತ್ತು! ಪೀಠಿಕೆ, ಕ್ರಮವಾಗಿ ಆರು ಹಂತ, ತಣ್ಣೀರು ಏಕೆಂಬುದಕ್ಕೆ ಕಾರಣ, ಉಜ್ಜಬಾರದೆಂಬ ಎಚ್ಚರಿಕೆ. ಕೊನೆಯಲ್ಲಿ ಒಂದು ಸಾಲು: 'ಇದು ಬೇರೆಯವರಿಗೆ ಅಮೂಲ್ಯವಾದ ವಸ್ತುವಾಗಿದ್ದರೆ, ಏನು ಮಾಡುವ ಮೊದಲೂ ಅವರನ್ನು ಕೇಳುವುದು ಒಳ್ಳೆಯದು.' ಆ ಸಾಲನ್ನು ಮೇಷ್ಟ್ರು ಕೆಂಪಿನಲ್ಲಿ ಹೊಡೆದು, ಪಕ್ಕದಲ್ಲಿ 'ಅನಗತ್ಯ' ಎಂದು ಬರೆದು, ಒಂದು ಅಂಕ ಕಳೆದರು. ಹತ್ತಕ್ಕೆ ಒಂಬತ್ತು. ಅವರ ವೃತ್ತಿಜೀವನದಲ್ಲೇ ಯಾರಿಗೂ ಕೊಡದ ಅಂಕ.

ಕಲೆಯಿದ್ದ ಜಾಗವನ್ನಷ್ಟೇ ಒದ್ದೆ ಮಾಡಿ ಎಂದಿತ್ತು ಉತ್ತರ. ಆದರೆ ಮೇಷ್ಟ್ರಿಗೆ ಅರ್ಧ ಕೆಲಸ ಆಗದು. ವರ್ಷವಿಡೀ ಒಗೆಯದ ಶಾಲು! ಹೇಗೂ ನೀರಿಗಿಳಿಸಿಯಾಗಿದೆ, ಪೂರ್ತಿ ಒಗೆದೇ ಬಿಟ್ಟರೆ ಮನೆಯಾಕೆ ಬೆರಗಾಗಿಬಿಡಬೇಕು! ಬಕೀಟು ಬದಲಿಸಿ, ನೀರು ಬದಲಿಸಿ, ಗುಲಾಬಿ ಸೋಪಿನಲ್ಲಿ ಎರಡು ಸಲ ಅದ್ದಿ ತೆಗೆದು ಬಾಲ್ಕನಿಯಲ್ಲಿ ಹರವಿದರು.

ಹತ್ತು ನಿಮಿಷದಲ್ಲಿ ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯ ನರ್ಸಮ್ಮ. ಕೈಯಲ್ಲಿ ಬಿಳಿ ಕೋಟು, ಅದರ ಮೇಲೆ ಗುಲಾಬಿ ಬಣ್ಣದ ಚುಕ್ಕಿಗಳು.

"ಮೇಷ್ಟ್ರೇ, ಮೇಲೆ ಏನ್ ಕೊಲೆ ನಡೀತಿದೆ? ನಿಮ್ಮ ಬಾಲ್ಕನಿಯಿಂದ ರಕ್ತ ತೊಟ್ಟಿಕ್ತಿದೆ!"

"ರಕ್ತ ಅಲ್ಲ ಕಣಮ್ಮ, ಶಾಯಿ! ಶಾಯಿ!"

"ಆಸ್ಪತ್ರೇಲಿ ಹಾಗಂದ್ರೆ ಯಾರು ನಂಬ್ತಾರೆ?" ನರ್ಸಮ್ಮ ಬಗ್ಗಿ ಬಾಲ್ಕನಿಯತ್ತ ನೋಡಿದರು. "ಅದು ಅಮ್ಮಾವ್ರ ಅಕ್ಕನ ಶಾಲಲ್ವಾ? ಒಗೆದ್ಬಿಟ್ರಾ? ಅವರನ್ನ ಕೇಳಿದ್ರಾ?"

"ಕೇಳೋ ಹಾಗಿಲ್ಲ. ಪ್ರತಿಜ್ಞೆ!"

"ಚೆನ್ನಾಗಿದೆ. ಪ್ರತಿಜ್ಞೆ ಜೊತೆ ಇದನ್ನೂ ಒಗೆದುಕೊಡಿ." ಕೋಟನ್ನು ಬಕೀಟಿಗೆ ಹಾಕಿ ನರ್ಸಮ್ಮ ಇಳಿದುಹೋದರು. ಹೋಗುತ್ತ ಒಮ್ಮೆ ತಿರುಗಿ, ಆಸ್ಪತ್ರೆಯಲ್ಲಿ ರೋಗಿಯ ಕಡೆಯವರನ್ನು ನೋಡುವ ಹಾಗೆ ಮೇಷ್ಟ್ರನ್ನು ನೋಡಿದರು. ಮೇಷ್ಟ್ರಿಗೆ ಅದೇಕೋ ಹಿಡಿಸಲಿಲ್ಲ.

ಆದರೇನು! ಮರುದಿನ ಮಧ್ಯಾಹ್ನಕ್ಕೆ ಶಾಲು ಒಣಗಿ ಹಾಲಿನ ಕೆನೆಯಂತಾಯಿತು. ಕಿಟಕಿಯ ಬೆಳಕಿಗೆ ಹಿಡಿದರು, ಭೂತಗನ್ನಡಿ ಹಿಡಿದರು, ಕೆಂಪು ಎಂಬುದರ ಸುಳಿವಿಲ್ಲ. ಕುಗ್ಗಿಲ್ಲ, ಜಗ್ಗಿಲ್ಲ. ಮಡಿಚಿ, ಮೊದಲಿನ ಜಾಗದಲ್ಲೇ ಇಟ್ಟು, ಮೇಷ್ಟ್ರು ಕುರ್ಚಿಯಲ್ಲಿ ಮಹಾರಾಜರಂತೆ ಕೂತರು.

ಆ ಸಂಜೆ ಮನೆಯಾಕೆ ಬಂದವರು ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡೇ ಎದುರಿಗೆ ಕುಳಿತರು.

"ಒಂದೂ ಫೋನಿಲ್ಲ!" ಮೇಷ್ಟ್ರು ತೊಡೆ ತಟ್ಟಿದರು. "ಗಮನಿಸಿದ್ಯಾ?"

"ಹೂಂ."

"ಮುಖದಲ್ಲಿ ಒಂದಿಷ್ಟೂ ಮೆಚ್ಚುಗೆ ಕಾಣ್ತಿಲ್ವಲ್ಲೇ!"

"ಏನಿಲ್ಲ. ನಾವು ಹೋಗೋಷ್ಟರಲ್ಲೇ ಮಾಲೀಕರು ಗೋಡೆಗೆಲ್ಲ ಬಣ್ಣ ಬಳಿಸಿಬಿಟ್ಟಿದ್ರು. ಬಟ್ಟೆ ಒಂದೂ ಬಿಡದೆ ಒಗೆಸಿ, ಗಂಟು ಕಟ್ಟಿಸಿ ಇಟ್ಟಿದ್ರು. ಪಾಪ, ಒಳ್ಳೇದಕ್ಕೇ ಮಾಡಿದ್ದು. ಒಳಗೆ ಹೋದ್ರೆ ಬರೀ ಬಣ್ಣದ ವಾಸನೆ ಕಣ್ರೀ. ಅಕ್ಕನ ವಾಸನೆ ಎಲ್ಲೂ ಇಲ್ಲ. ಹೊಲಿಗೆ ಮಿಷನ್ನಿಗೆ ಮೂಗಿಟ್ಟು ನೋಡಿದೆ. ಅದನ್ನೂ ಒರೆಸಿಬಿಟ್ಟಿದ್ರು."

ಆಕೆ ಚೀಲದ ಹಿಡಿಕೆಯನ್ನು ಸವರುತ್ತ ಸಣ್ಣಗೆ ನಕ್ಕರು.

"ಸದ್ಯ, ಆ ಶಾಲೊಂದನ್ನ ಒಗೀದೆ ಇಟ್ಟಿದ್ದೀನಲ್ಲ. ದಿನಾ ಸಂಜೆ ಒಂದು ಸಲ ಮುಖ ಇಟ್ರೆ, ಅಕ್ಕ ಅಲ್ಲೇ ಇದ್ದಾಳೆ ಅನ್ಸುತ್ತೆ."

ನುಸಿ ತಪಾಸಣೆಯ ಆ ಸಂಜೆಗಳೆಲ್ಲ ಒಂದರ ಹಿಂದೆ ಒಂದು ಬಂದು ಮೇಷ್ಟ್ರ ಮುಂದೆ ಸಾಲಾಗಿ ನಿಂತವು. ಮನೆಯಾಕೆ ಎದ್ದರು.

"ಇರು, ಇರು! ಮೊದಲು ಕಾಫಿ ಕುಡಿ! ನಾನೇ ಮಾಡ್ತೀನಿ! ಸಕ್ಕರೆ ಎಲ್ಲಿದೆ ಅಂತ ನನಗೆ ಗೊತ್ತು!"

"ಆಮೇಲೆ," ಎಂದು ಆಕೆ ಒಳಗೆ ಹೋದರು.

ಬೀರುವಿನ ಬಾಗಿಲು ಕಿರುಗುಟ್ಟಿತು. ಒಂದು ನಿಮಿಷ. ಎರಡು ನಿಮಿಷ.

"ರೀ."

ಮೇಷ್ಟ್ರು ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಇದು ಗುಲಾಬಿ ಸೋಪು."

ಎಲ್ಲವನ್ನೂ ಹೇಳಿದರು. ಚಳಿ, ಕಂಬಳಿ, ಸ್ಟೂಲು, ಪೆನ್ನು, ಆರು ಹಂತಗಳು. ಹೇಳುತ್ತ ಹೇಳುತ್ತ ದನಿ ಇಳಿಯಿತು. ಬೈಗುಳಕ್ಕೆ ಕಾದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆಕೆ ಶಾಲನ್ನು ತಿರುವಿ ತಿರುವಿ, ಅಂಚಿಗೊಮ್ಮೆ, ಮೂಲೆಗೊಮ್ಮೆ ಮೂಗು ಒತ್ತಿ ಹುಡುಕುತ್ತಿದ್ದರು.

"ಕಲೆ ಪೂರ್ತಿ ಹೋಗಿದೆ," ಎಂದರು ಮೇಷ್ಟ್ರು, ಬೇರೇನೂ ಹೊಳೆಯದೆ.

"ಹೂಂ," ಎಂದರು ಆಕೆ. "ಪೂರ್ತಿ ಹೋಗಿದೆ."

ಮೇಷ್ಟ್ರು ಬಾಲ್ಕನಿಗೆ ಬಂದು ಮೊದಲ ಬೆಂಚಿನವನನ್ನು ಕೇಳಿದರು: 'ಒಗೆದ ಶಾಲಿಗೆ, ತೀರಿಕೊಂಡವರ ವಾಸನೆ ಮತ್ತೆ ಬರಿಸುವುದು ಹೇಗೆ?' ಈ ಸಲ ಅದು ಒಳ್ಳೆಯ ಪ್ರಶ್ನೆ ಎನ್ನಲಿಲ್ಲ. ಹಂತಗಳನ್ನೂ ಹೇಳಲಿಲ್ಲ. 'ಕ್ಷಮಿಸಿ, ಅದು ಆಗುವುದಿಲ್ಲ. ಶಾಲನ್ನು ಒಗೆಯದೆ ಇಟ್ಟದ್ದು ಆ ವಾಸನೆಗಾಗಿ ಎಂದು ಮೊದಲೇ ತಿಳಿದಿದ್ದರೆ ನೀರಿಗೆ ಹಾಕಬೇಡಿ ಎನ್ನುತ್ತಿದ್ದೆ' ಎಂದಿತು. ಮೇಷ್ಟ್ರು ಅದಕ್ಕೆ ತಿಳಿಸಿರಲಿಲ್ಲ. ತಿಳಿಸುವುದಕ್ಕೆ ಅವರಿಗೇ ತಿಳಿದಿರಲಿಲ್ಲ.

ಹಿಂದಿನ ಬೆಂಚಿಗೆ ಹೋಗಿ 'ಹಳೇ ಗುಂಡಿ'ಯನ್ನು ಹುಡುಕಿದರು. ತಾವು ಕೊಟ್ಟ ಸೊನ್ನೆ ಅಲ್ಲಿ ಇನ್ನೂ ದುಂಡಗೆ ಕೂತಿತ್ತು. ಅದರ ಕೆಳಗೆ ಬರೆದರು: 'ನನ್ನ ಹೆಂಡತಿಯ ಅಕ್ಕನದು. ಯಾಕೆ ಒಗೆದಿರಲಿಲ್ಲ ಎಂದು ಈಗ ಗೊತ್ತಾಯಿತು. ನಿಮ್ಮ ಸೊನ್ನೆಯನ್ನು ಹಿಂದಕ್ಕೆ ಪಡೆಯುತ್ತೇನೆ.'

ಸ್ವಲ್ಪ ಹೊತ್ತಿಗೆ ಉತ್ತರ ಬಂತು: 'ಇರಲಿ ಬಿಡಿ ಸರ್. ನಮ್ಮಮ್ಮನ ಸ್ವೆಟರ್ ಒಗೆದವಳು ನಾನೇ. ಅದಕ್ಕೇ ಕೇಳಿದೆ.'

ಮೇಷ್ಟ್ರು ಫೋನನ್ನು ಕವುಚಿ ಹಾಕಿ ಒಳಗೆ ಬಂದರು. ಮನೆಯಾಕೆ ಮಂಚದ ಅಂಚಿನಲ್ಲಿ ಶಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಕೂತು, ನಲವತ್ತು ವರ್ಷದಲ್ಲಿ ಟವೆಲ್ಲಿಗೂ ಸಕ್ಕರೆಗೂ ಸಂಬಂಧಿಸದ ಮೊದಲ ಪ್ರಶ್ನೆಯನ್ನು ಕೇಳಿದರು.

"ಅಕ್ಕನ ವಾಸನೆ ಹೇಗಿತ್ತೇ?"

ಆಕೆ ಶಾಲಿನ ಅಂಚನ್ನು ಬೆರಳಿಗೆ ಸುತ್ತಿ ಬಿಡಿಸಿದರು.

"ಮಿಷನ್ ಎಣ್ಣೆ," ಎಂದರು ಕೊನೆಗೆ. "ಬಟ್ಟೆ ಮೇಲೆ ಗೆರೆ ಹಾಕೋ ಸೀಮೆಸುಣ್ಣ. ಕೆಮ್ಮಿನ ಮಾತ್ರೆ. ಮಳೇಲಿ ನೆನೆದು ಸ್ಕೂಲಿಂದ ಬಂದ್ರೆ ತನ್ನ ಸೆರಗಲ್ಲೇ ತಲೆ ಒರೆಸೋಳು. ಆಗ ಇವೆಲ್ಲ ಒಟ್ಟಿಗೇ ಬರ್ತಿತ್ತು."

ಬರೆದಿಟ್ಟುಕೊಳ್ಳೋಣವೆಂದು ಮೇಷ್ಟ್ರ ಕೈ ಅಭ್ಯಾಸದಂತೆ ಜೇಬಿಗೆ ಹೋಯಿತು. ಕೆಂಪು ಪೆನ್ನು ಸಿಕ್ಕಿತು. ಅದರ ಮುಚ್ಚಳವನ್ನು ಬಿಗಿಯಾಗಿ ಅದುಮಿ ಕಿಟಕಿಯ ಮೇಲಿಟ್ಟರು.

"ಒಳ್ಳೇ ಪ್ರಶ್ನೆ ಕೇಳಿದ್ನೇನೇ?" ಎಂದರು ಮೆಲ್ಲಗೆ.

"ಒಳ್ಳೇ ಪ್ರಶ್ನೆನೇ."

"ಹಾಗಾದ್ರೆ, ಹತ್ತಕ್ಕೆ ಎಷ್ಟಾದ್ರೂ..."

ಮನೆಯಾಕೆ ಶಾಲನ್ನು ಮಡಿಚಿದರು. ಮತ್ತೊಮ್ಮೆ ಮಡಿಚಿದರು. ಗಂಡನ ಮುಖ ನೋಡಿದರು.

"ಗಂಟೆ ಹೊಡೆದ ಮೇಲೆ ಕೊಟ್ಟ ಪೇಪರನ್ನ ನೀವು ಯಾವತ್ತಾದ್ರೂ ತಗೊಂಡಿದ್ದೀರೇನ್ರೀ?"